ಗಟ್ಟಿ ಮಾಡಿಸತಕ್ಕದ್ದು

ಜಾಫರಸಾಬನ ಹತ್ತಿರ ಒಂದು ನಟ್ಟು ಇರಲಿಲ್ಲ.

ಮೋಟಾರಿನ ಮೂತಿಗೆ ಅಡ್ಡಲಾಗಿದ್ದ ಬಂಪರ್ ಪಟ್ಟಿಯನ್ನು ಎರಡು ಉಕ್ಕಿನ ತೋಳುಗಳು ಹಿಡಿದುಕೊಂಡಿದ್ದವು. ಇಳಕಲ್ಲಿನಿಂದ ಹುನಗುಂದಕ್ಕೆ ಬರುವಷ್ಟರಲ್ಲಿ ಬಲತೋಳಿನ ನಟ್ಟು ಎಲ್ಲೋ ಉದುರಿಹೋಗಿತ್ತು. ಪಟ್ಟಿಯ ಭಾರವೆಲ್ಲ ಎಡತೋಳಿನ ಮೇಲೆ ಬಿದ್ದು, ಅದೂ ಬಾಗಿ ಕೂತಿತ್ತು. ಹುನಗುಂದದ ಅಂಗಡಿಗಳಲ್ಲಿ ಚಕ್ಕಡಿಯ ಕೀಲೆಣ್ಣೆ ಇತ್ತು, ಮೊಳೆ ಇತ್ತು, ಎತ್ತಿನ ಗೆಜ್ಜೆ ಇತ್ತು. ಆ ಬೋಲ್ಟಿಗೆ ಕೂಡುವ ನಟ್ಟು ಇರಲಿಲ್ಲ. ಮೂರು ಅಂಗಡಿ ತಿರುಗಿ, ಮೂರೂ ಕಡೆ ‘ಬಾಗಲಕೋಟಿಗೆ ಹೋಗ್ರಿ’ ಅನ್ನಿಸಿಕೊಂಡು, ಕೊನೆಗೆ ಪುಂಡಿನಾರಿನ ಹಗ್ಗದಿಂದ ಪಟ್ಟಿಯನ್ನು ಬಿಗಿದು ಹೊರಟ.

ಬಾಗಲಕೋಟೆಗೇ ಹೋಗುತ್ತಿದ್ದ. ತೊಂದರೆ ಅದೇ ಆಗಿತ್ತು. ಅದು ೧೯೩೧ರ ಮಾರ್ಚ್. ಆ ದಿನ ಸಂಜೆ ನಾಲ್ಕಕ್ಕೆ ಪೊಲೀಸ್ ಸಾಹೇಬರು ಜನರನ್ನು ಸಾಗಿಸುವ ಸರ್ವಿಸ್ ಮೋಟಾರುಗಳನ್ನು ನೋಡಿ ದಾರಿಗೊಂದರಂತೆ ವರ್ಷದ ಪಾಸು ಕೊಡುವವರಿದ್ದರು. ಜಾಫರಸಾಬನ ಗಾಡಿ ಮುಂಬಯಿಯ ವಕೀಲರೊಬ್ಬರು ಓಡಿಸಿ, ವಿಜಾಪುರದ ಗುತ್ತಿಗೆದಾರನೊಬ್ಬ ಓಡಿಸಿ ಬಿಟ್ಟದ್ದು. ಹೋದ ವರ್ಷ ಸಾಹೇಬರು ಪಟ್ಟಿಯನ್ನು ಬೂಟುಗಾಲಿನಿಂದ ಒದ್ದು ನೋಡಿ ಏನೋ ಹೇಳಿದ್ದರು. ಕಾರಕೂನ ಅದನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದ: ‘ಮುಂದಿನ ಪಟ್ಟಿ ಗಟ್ಟಿ ಮಾಡಿಸತಕ್ಕದ್ದು.’ ಬಿಚ್ಚಿ ಇಡೋಣವೆಂದರೆ ನಂಬರ್ ಫಲಕ ಅದರ ಮೇಲೆಯೇ ಇತ್ತು, ಮೇಲಾಗಿ ಗಾಡಿಯ ಯಾವ ಭಾಗವೂ ಕಡಿಮೆಯಾಗಕೂಡದೆಂದು ಅದೇ ಕಾಗದದಲ್ಲಿತ್ತು. ಹನ್ನೊಂದು ತಿಂಗಳು ಜಾಫರಸಾಬ ಆ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದ್ದ. ಇಳಕಲ್ಲಿನಲ್ಲಿ ಇನ್ನೊಂದು ಮೋಟಾರು ಇದೇ ದಾರಿಗಾಗಿ ಕಾದು ನಿಂತಿದೆ ಎಂಬುದೂ ಅವನಿಗೆ ಗೊತ್ತಿತ್ತು.

ಹಿಂದಿನ ಸೀಟಿನಲ್ಲಿ ಕೂತ ರೇಣವ್ವ ಕುರಿ ಸಾಕಿ ಬಾಳಿದ ಹೆಂಗಸು, ಬಾಗಲಕೋಟೆಯಲ್ಲಿ ಮಗಳ ಬಾಣಂತನಕ್ಕೆ ಹೊರಟಿದ್ದಳು. ಹಗ್ಗ ಕಟ್ಟಿದ್ದನ್ನು ನೋಡಿದಾಗಿನಿಂದ ಅವಳ ಬಾಯಿ ಸುಮ್ಮನಿರಲಿಲ್ಲ.

“ಟಗರ ಕಾಳಗಕ್ಕ ಹೊಂಟೈತಿ, ಕೋಡಿಗೆ ಮಾತ್ರ ಹಗ್ಗ ಕಟ್ಟೈತಿ,” ಎಂದಳು. ಉಳಿದ ಪ್ರಯಾಣಿಕರು ನಕ್ಕರು. ಜಾಫರಸಾಬ ನಗಲಿಲ್ಲ.

ಅಮೀನಗಡ ಬರುವ ಹೊತ್ತಿಗೆ ಹಗ್ಗ ಸವೆದು ಎರಡೆಳೆ ಉಳಿದಿತ್ತು. ಊರಂಚಿನಲ್ಲಿ ಕಂಬಾರ ಕಾಳಪ್ಪನ ಕುಲುಮೆ. ಕಾಳಪ್ಪ ಕೈಗುಣ ಇದ್ದವನು; ಅವನು ಮಾಡಿದ ಕುಡಗೋಲು ಎರಡು ಸುಗ್ಗಿ ಬಾಳುತ್ತದೆ ಅನ್ನುತ್ತಿದ್ದರು. ಆದರೆ ಅವನು ಆಗ ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸಲು ಹಳಿಯ ಸುತ್ತಲೂ ಸಗಣಿಯ ಕುಳ್ಳು ಹೊತ್ತಿಸಿ ಕೂತಿದ್ದ. ಹಳಿ ಕೆಂಪಗಾಗಿ, ಗಾಲಿಯ ಮೇಲೆ ಕೂತು, ನೀರು ಬೀಳುವ ತನಕ ಏಳುವುದಿಲ್ಲ ಎಂದ. ಜಾಫರಸಾಬ ಬೇಡಿಕೊಂಡ, ಸಾಹೇಬರ ಹೆಸರು ಹೇಳಿದ, ಬಿಸಿಲು ತೋರಿಸಿದ. ಕಾಳಪ್ಪ ಬೆಂಕಿ ಕೆದಕುತ್ತಲೇ ಇದ್ದ. ಹಳಿ ಕೂತು, ನೀರು ಸುರಿದು, ಹಬೆ ಎದ್ದು ಮುಗಿಯುವಷ್ಟರಲ್ಲಿ ಒಂದೂವರೆ ತಾಸು ಹೋಗಿತ್ತು.

ಆಮೇಲೆ ಕಾಳಪ್ಪ ಬಿಚ್ಚಿಟ್ಟಿದ್ದ ಎಡತೋಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

“ಏನ ಆಗಬೇಕಲೇ ಇದಕ್ಕ?”

“ಗಟ್ಟಿ ಆಗಬೇಕು, ಕಾಕಾ. ಕಾಗದದಾಗ ಹಂಗ ಬರದಾರ.”

“ಎಷ್ಟ ಗಟ್ಟಿ?”

“ಎಷ್ಟ ಆಗತೈತಿ ಅಷ್ಟ. ಲಗೂ ಮಾಡು.”

ಕಾಳಪ್ಪ ತಲೆಯಾಡಿಸಿದ. ಬಲಗಡೆಗೆ ನಟ್ಟಿನ ಗೊಡವೆಯೇ ಬೇಡ, ಕಾದ ಮೊಳೆ ತೂರಿಸಿ ಎರಡೂ ತುದಿ ಬಡಿದು ಹರಡಿಸಿಬಿಡುತ್ತೇನೆ ಎಂದೂ ಹೇಳಿದ. ಅದಕ್ಕೆ ಹಳೆಯ ಬೋಲ್ಟು ಹೊರಗೆ ಬರಬೇಕಿತ್ತು. ಜಾಫರಸಾಬ ಗಾಡಿಯ ಕೆಳಗೆ ಅಂಗಾತ ಮಲಗಿದ. ಬೋಲ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಸೀಮೆಎಣ್ಣೆ ಹಾಕಿದ; ಎಣ್ಣೆ ಕಣ್ಣಿಗೆ ಬಿತ್ತು. ಸುತ್ತಿಗೆ ಹಾಕಿದ, ಹೆಬ್ಬೆರಳಿಗೆ ಬಿತ್ತು. ಬೋಲ್ಟಿಗೆ, ವಕೀಲರಿಗೆ, ಗುತ್ತಿಗೆದಾರನಿಗೆ ಸಾಲಾಗಿ ಬೈದ. ಕುಲುಮೆಯ ಕಡೆಯಿಂದ ನೀರಲ್ಲಿ ಕೆಂಡ ಅದ್ದಿದಂತೆ ಸುಯ್ ಎಂಬ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಬಂತು. ಇನ್ನೊಂದು ಗಾಲಿಯ ಕೆಲಸ ಹಿಡಿದನೇನೋ ಎಂದು ಅವನಿಗೆ ಮತ್ತಷ್ಟು ಸಿಟ್ಟು ಬಂತು.

ಗಾಲಿಯಲ್ಲ. ತೋಳು ನೆಟ್ಟಗಾಗಿ ಬಂದಿತ್ತು. “ಕಲ್ಲ ಮಾಡೇನಿ,” ಎಂದ ಕಾಳಪ್ಪ. “ಕಬ್ಬಿಣ ತಿಕ್ಕೋ ಅರಾನೂ ಇದರ ಮ್ಯಾಲ ಜಾರತೈತಿ.”

ಬೋಲ್ಟು ಕೊನೆಗೂ ಕಿತ್ತು ಬಂದು, ಪಟ್ಟಿ ಏರಿಸಿ, ಮೊಳೆ ಬಡಿದ ಮೇಲೆ ಜಾಫರಸಾಬ ಎರಡೂ ಕೈಯಿಂದ ಹಿಡಿದು ಜಗ್ಗಿದ. ಗಾಡಿ ಅಲುಗಿತು, ಪಟ್ಟಿ ಅಲುಗಲಿಲ್ಲ. ಬೆಳಗಿನಿಂದ ಅವನಿಗೆ ಸಮಾಧಾನವಾದದ್ದು ಅದೊಂದೇ ಗಳಿಗೆ. ಇನ್ನೂ ಹೊತ್ತಿತ್ತು.

ಕಮತಗಿ ದಾಟಿದ ಮೇಲೆ ಒಂದು ಸಣ್ಣ ಹಳ್ಳ. ನೀರಿರಲಿಲ್ಲ, ಕಲ್ಲುಗಳಿದ್ದವು. ಮುಂದಿನ ಗಾಲಿ ಇಳಿದು ಏರಿದಾಗ ಒಣಗಿದ ಜೋಳದ ದಂಟು ಮುರಿದಂಥ ಸದ್ದಾಯಿತು. ಪಟ್ಟಿಯ ಎಡತುದಿ ನೆಲಕ್ಕೆ ಬಿದ್ದು ಕುಂಟೆಯ ಹಾಗೆ ಮಣ್ಣಿಗೆ ಕಚ್ಚಿತು. ಗಾಡಿ ಅದರ ಮೇಲೇ ನುಗ್ಗಿತು. ಪಟ್ಟಿ ಮಡಚಿಕೊಂಡು ಮೇಲೆದ್ದು ಎಡಗಡೆಯ ದೀಪವನ್ನು ಒಡೆದು, ಎಂಜಿನ್ ತಣಿಸುವ ನೀರಿನ ಟಾಕಿಗೆ ಚುಚ್ಚಿಕೊಂಡಿತು.

ಜಾಫರಸಾಬ ಇಳಿದು ಮುರಿದ ತೋಳನ್ನು ಎತ್ತಿಕೊಂಡ. ಮುರಿದ ಜಾಗ ಕಲ್ಲುಸಕ್ಕರೆಯಂತೆ ಕಾಳುಕಾಳಾಗಿ ಹೊಳೆಯುತ್ತಿತ್ತು. ಸುಯ್ ಎಂದದ್ದು ಯಾಕೆಂದು ಆಗ ತಿಳಿಯಿತು. ಕುಡಗೋಲಿಗೆ ಬಾಯಿ ಗಟ್ಟಿ ಮಾಡುವ ಹಾಗೆ ಕಾಳಪ್ಪ ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ದ, ಅದೂ ಎರಡು ಸಲ. ಬಾಗಿ ಬಾಳಬೇಕಾದ ಉಕ್ಕು ಅದು; ಅಷ್ಟು ಗಟ್ಟಿಯಾಗಿ ಗಾಜಿನಂತೆ ಪೆಡಸಾಗಿತ್ತು. ಕೇಳಿದ್ದನ್ನೇ ಮಾಡಿಕೊಟ್ಟವನಿಗೆ ಬೈಯುವುದಾದರೂ ಏನೆಂದು?

ರೇಣವ್ವ ಗಂಟು ಹೊತ್ತು ಪಕ್ಕಕ್ಕೆ ಬಂದು ನಿಂತಳು. ಈ ಸಲ ನಗಲಿಲ್ಲ.

“ಮೊದಲ ಬಾಗಿತ್ತು, ತಮ್ಮಾ. ಮುರದಿದ್ದಿಲ್ಲ.”

ಅವಳೂ ಉಳಿದವರೂ ಹಿಂದೆ ಬಂದ ಚಕ್ಕಡಿ ಹತ್ತಿ ಹೋದರು. ಜಾಫರಸಾಬ ಟಾಕಿಯ ತೂತಿಗೆ ಚಿಂದಿ ತುರುಕಿ, ಬಾವಿ ಕಂಡಲ್ಲೆಲ್ಲ ನಿಲ್ಲಿಸಿ ನೀರು ಹಾಕುತ್ತ, ಬಲಗಡೆಯ ಮೊಳೆಯ ತಲೆ ಬಡಿದು ಹಾರಿಸಿ ಬಿಡಿಸಿದ ಪಟ್ಟಿಯನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಬಾಗಲಕೋಟೆ ಮುಟ್ಟಿದಾಗ ಆರಾಗಲು ಬಂದಿತ್ತು. ಸಾಹೇಬರು ಹೋಗಿದ್ದರು. ಕಾರಕೂನ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ. ಗಾಡಿಯನ್ನು ಒಂದು ಸುತ್ತು ನೋಡಿ, ಹೋದ ವರ್ಷವೇ ಬರೆದುಕೊಟ್ಟಿತ್ತಲ್ಲ ಎಂದು ಕೇಳಿದ.

“ಗಟ್ಟಿ ಮಾಡಿಸೇನ್ರಿ,” ಎಂದ ಜಾಫರಸಾಬ, ಮುರಿದ ತೋಳು ತೋರಿಸಿ.

“ಗಟ್ಟಿ ಅಂದ್ರ ಬಿಗಿ ಅಂತ. ಅಲುಗಾಡಬಾರದು ಅಂತ.” ಕಾರಕೂನ ಬೀಗ ಎಳೆದು ನೋಡಿ ಎದ್ದ. ಇಳಕಲ್ಲಿನ ಇನ್ನೊಂದು ಮೋಟಾರು ನಾಲ್ಕಕ್ಕೇ ಬಂದು ಪಾಸು ತೆಗೆದುಕೊಂಡು ಹೋಗಿತ್ತು. ಒಂದು ದಾರಿಗೆ ಒಂದೇ ಗಾಡಿ.

ಹೋದದ್ದು ಒಂದು ತೋಳು, ಒಂದು ದೀಪ, ಒಂದು ನೀರಿನ ಟಾಕಿ, ಒಂದು ವರ್ಷದ ಪಾಸು.