ಅಕ್ಕನ ದೇಶಕ್ಕೆ ಯಾವ ಬಣ್ಣ

ನಮ್ಮ ಮುದ್ರಣಾಲಯದಲ್ಲಿ ಶಾಲೆಗಳ ಗೋಡೆಗೆ ನೇತುಹಾಕುವ ಭೂಪಟಗಳು ಅಚ್ಚಾಗುತ್ತವೆ. ಖಂಡದ ಯಾವ ದೇಶದಲ್ಲಿ ಯಾವ ಬಗೆಯ ಆಡಳಿತ ಎಂದು ತೋರಿಸುವ ಪಟಕ್ಕೆ ಬಣ್ಣ ತುಂಬುವವಳು ನಾನು. ಜನ ಆರಿಸಿದ ಸರ್ಕಾರವಿದ್ದರೆ ಹಸಿರು, ರಾಜನಿದ್ದರೆ ಹಳದಿ, ಸೈನ್ಯದವರು ಕೂತಿದ್ದರೆ ಕಂದು, ಒಬ್ಬನೇ ಮನುಷ್ಯ ಕುರ್ಚಿಗೆ ಅಂಟಿಕೊಂಡಿದ್ದರೆ ಕೆಂಪು. ಇಂಥವರ ಕಾಟದಿಂದ ಈಚೆಗೆ ನನಗೆ ಕೆಂಪಿನದೇ ಕೆಲಸ ಜಾಸ್ತಿ.

ನಮ್ಮ ಸಂಪಾದಕರನ್ನು ಬೆನ್ನ ಹಿಂದೆ ಎಲ್ಲರೂ ಗಡಿಯಪ್ಪ ಅನ್ನುತ್ತೇವೆ. ಪತ್ರಿಕೆಗಳನ್ನು ಅವರು ಪೂರ್ತಿ ನಂಬುವುದಿಲ್ಲ. ಅನುಮಾನ ಬಂದ ದೇಶದಲ್ಲಿ ನಮ್ಮ ಪೈಕಿ ಯಾರಿಗಾದರೂ ನೆಂಟರಿದ್ದರೆ ಅವರನ್ನು ವಿಚಾರಿಸಲು ಹೇಳುತ್ತಾರೆ. ಇದು ನಮ್ಮಲ್ಲಿ ಹಳೆಯ ಪದ್ಧತಿ. ಈ ಸಲ ಅನುಮಾನ ಬಂದದ್ದು ನನ್ನ ಅಕ್ಕ ಮದುವೆಯಾಗಿ ಹೋದ ದೇಶದ ಮೇಲೆ.

“ಚುನಾವಣೆಯೇನೋ ಆಯ್ತಂತೆ. ಸೋತವನು ಮನೆಗೆ ಹೋದನಾ, ಜೈಲಿಗೆ ಹೋದನಾ? ಅಷ್ಟು ಕೇಳಿ, ಸಾಕು,” ಅಂದರು.

ನನಗೆ ಅಕ್ಕನನ್ನು ಬಿಟ್ಟರೆ ಯಾರೂ ಇಲ್ಲ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಭಾನುವಾರ ಬೆಳಿಗ್ಗೆ ಅವಳ ಫೋನು ಬಂದರೆ ಆ ವಾರಕ್ಕೆ ನನ್ನವರದೊಂದು ದನಿ ಕೇಳಿದ ಹಾಗೆ. ದನಿ ಅಂದರೆ ಬೈಗುಳ. ನನ್ನಕ್ಕ ಹುಟ್ಟಿದ್ದೇ ಗೊಣಗುವುದಕ್ಕೆ. ಮದುವೆಯ ದಿನವೇ ಮದುಮಗನ ಚಪ್ಪಲಿ ಸರಿಯಿಲ್ಲ ಎಂದು ರೇಗಿದವಳು. ನಲ್ಲಿ ನೀರು, ಬಸ್ಸು, ಗಂಡ, ದೇಶದ ಅಧ್ಯಕ್ಷ, ಯಾರನ್ನೂ ಬಿಟ್ಟವಳಲ್ಲ.

ಭಾನುವಾರ ಅವಳ ಫೋನು ಬಂದಾಗ ಕೇಳಿದೆ. “ಅಕ್ಕಾ, ನಿಮ್ಮಲ್ಲಿ ಚುನಾವಣೆ ಹೇಗಾಯ್ತೇ?”

“ತುಂಬಾ ಚೆನ್ನಾಗಾಯ್ತು,” ಅಂದಳು.

“ನೀರು ಬರ್ತಿದೆಯಾ?”

“ಚೆನ್ನಾಗಿ ಬರ್ತಿದೆ.”

“ಭಾವ?”

“ಚೆನ್ನಾಗಿದ್ದಾರೆ.”

ಭಾವನ ವಿಷಯದಲ್ಲಿ ಅಕ್ಕನ ಬಾಯಿಂದ ಒಂದು ಒಳ್ಳೆಯ ಮಾತನ್ನು ನಾನು ಕೇಳಿದ್ದೇ ಇಲ್ಲ. ಯಾರೋ ಕದ್ದು ಕೇಳುತ್ತಿದ್ದಾರೆ, ಅದು ಅವಳಿಗೆ ಗೊತ್ತಿದೆ. ಅಷ್ಟು ಅರ್ಥವಾದರೂ ನನ್ನ ಮನಸ್ಸು ಒಪ್ಪಲಿಲ್ಲ. ಒಂದು ಸಲ ಅವಳಿಂದ ಬೈಸಿಕೊಳ್ಳಲೇಬೇಕು ಎನಿಸಿತು. ಅಮ್ಮನ ಹೊಲಿಗೆ ಯಂತ್ರಕ್ಕಾಗಿ ನಾವಿಬ್ಬರೂ ವರ್ಷಗಟ್ಟಲೆ ಜಗಳವಾಡಿದ್ದೇವೆ. ಅದು ನನ್ನ ಮಂಚದ ಪಕ್ಕದಲ್ಲೇ ಇತ್ತು. ಅದರ ಮೇಲೆ ಕೈಯಿಟ್ಟುಕೊಂಡೇ ಸುಳ್ಳು ಹೇಳಿದೆ.

“ಅಕ್ಕಾ, ಅಮ್ಮನ ಮಿಷನ್ನು ಗುಜರಿಗೆ ಹಾಕಿಬಿಟ್ಟೆ.”

ಆ ಕಡೆಯಿಂದ ಉಸಿರೆಳೆದದ್ದು ಕೇಳಿಸಿತು. ಬೈಯೇ ತಾಯಿ, ನನ್ನ ಏಳು ತಲೆಮಾರನ್ನೂ ಎತ್ತಿ ಬೈಯಿ, ಅದರಲ್ಲಿ ನಿನ್ನದೂ ಸೇರಿದೆ, ಪರವಾಗಿಲ್ಲ ಎಂದುಕೊಂಡು ಕಾದೆ.

“ಒಳ್ಳೆಯದೇ ಮಾಡಿದೆ ಬಿಡು,” ಅಂದಳು.

ಫೋನಿಟ್ಟು ಬಿಕ್ಕಿಬಿಕ್ಕಿ ಅತ್ತೆ. ಅಮ್ಮ ಸತ್ತಾಗಲೂ ಮನೆ ಇಷ್ಟು ಬಿಕೋ ಎಂದಿರಲಿಲ್ಲ. ಆಗ ಬೈಯುವುದಕ್ಕೆ ಅಕ್ಕನಿದ್ದಳು.

ಸೋಮವಾರ ಗಡಿಯಪ್ಪನವರು ನನ್ನ ಮೇಜಿನ ಬಳಿ ಬಂದರು. “ಏನಂದ್ರಮ್ಮ ನಿಮ್ಮಕ್ಕ?”

“ಎಲ್ಲಾ ತುಂಬಾ ಚೆನ್ನಾಗಿದೆ ಅಂದ್ಲು ಸಾರ್.”

“ಹಾಗಾದ್ರೆ ಹಸಿರೇ ಇರ್ಲಿ.”

“ಇಲ್ಲ ಸಾರ್. ಕೆಂಪು.”

ಅವರು ನನ್ನ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಹೂಂ ಅಂದರು. ನಾನು ಪರದೆಯ ಮೇಲೆ ಆ ದೇಶದೊಳಕ್ಕೆ ಕೆಂಪು ತುಂಬಿದೆ. ಅಕ್ಕನ ಊರಿನ ಕೆಂಪು ಚುಕ್ಕೆ ಅದರಲ್ಲಿ ಕಾಣಿಸದಾಯಿತು. ಅದನ್ನು ಬಿಳಿ ಮಾಡಿ ಎದ್ದೆ.

ಮುಂದಿನ ಭಾನುವಾರ ಫೋನಿನಲ್ಲಿ ಅಕ್ಕನೇ ಕೇಳಿದಳು. “ಈಗ ಏನೇ ಅಚ್ಚಾಗ್ತಿದೆ ನಿಮ್ಮಲ್ಲಿ?”

ಪಟದಲ್ಲಿ ನಮ್ಮ ದೇಶ ಹಸಿರು. ಇಲ್ಲಿ ನನ್ನ ಬಾಯಿಗೆ ಯಾರೂ ಬೀಗ ಹಾಕಿಲ್ಲ. ಆದರೆ ನನ್ನ ಒಂದು ಮಾತಿನಿಂದ ಅವಳ ಮನೆಯ ಬಾಗಿಲು ಯಾರೋ ತಟ್ಟುವಂತಾಗಬಾರದಲ್ಲ.

“ಮಕ್ಕಳ ಪುಸ್ತಕ ಅಕ್ಕಾ. ಹಕ್ಕಿಗಳದ್ದು.”

“ನೀನು ಚೆನ್ನಾಗಿದ್ದೀಯಾ?”

“ತುಂಬಾ ಚೆನ್ನಾಗಿದ್ದೀನಿ,” ಅಂದೆ.

ಇಬ್ಬರೂ ಚೆನ್ನಾಗಿದ್ದೇವೆ ಎಂದ ಮೇಲೆ ಮಾತಿಗೆ ಏನೂ ಉಳಿಯಲಿಲ್ಲ. ಆದರೂ ಅವಳು ಫೋನು ಇಡಲಿಲ್ಲ, ನಾನೂ ಇಡಲಿಲ್ಲ.