ಚನ್ನಮ್ಮನ ಮಾತಿಗೆ ಮೊಮ್ಮಗಳ ಬಂಗಾಳಿ

ಬೆಹಾಲಾದ ಮನೆಯಿಂದ ಕೋರ್ಟು ಮುಟ್ಟುವವರೆಗೂ ಅರುಣ ಟ್ಯಾಕ್ಸಿಯಲ್ಲಿ ತನ್ನ ತಾಯಿಗೆ ಪಾಠ ಹೇಳಿದ. "ಅವ್ವಾ, ಪ್ರತೀಕ್ಷಾ ಆಫೀಸಿನಿಂದ ಹೊತ್ತು ಮುಳುಗಿದ ಮ್ಯಾಲ ಬರ್ತಾಳ, ಹುಡುಗಿ ನಮ್ಮ ಕಡೇನ ಇರಬೇಕು, ಅಷ್ಟ ಹೇಳು. ಬ್ಯಾರೆ ಏನೂ ಮಾತಾಡಬ್ಯಾಡ."

"ಆತೇಳಪಾ," ಅಂದಳು ಚನ್ನಮ್ಮ.

ಬಂಗಾಳದಲ್ಲಿ ರೈಲ್ವೆ ನೌಕರಿಯಲ್ಲಿದ್ದ ಅರುಣ, ಸೆಕ್ಟರ್ ಫೈವ್‌ನ ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತ ಸಾಲ್ಟ್ ಲೇಕ್‌ನಲ್ಲಿ ಬೇರೆ ಮನೆ ಮಾಡಿದ್ದ ಅವನ ಹೆಂಡತಿ ಪ್ರತೀಕ್ಷಾ ಇಬ್ಬರೂ ಬೇರೆಯಾಗುವುದಕ್ಕೆ ಒಪ್ಪಿ ಸಹಿ ಹಾಕಿಯಾಗಿತ್ತು. ಉಳಿದಿದ್ದ ತಕರಾರು ಒಂದೇ, ಹತ್ತು ವರ್ಷದ ಮಗಳು ಶ್ರಾವ್ಯಾ ಯಾರ ಸುಪರ್ದಿಗೆ ಎಂಬುದು. ಜಡ್ಜು ಸಾಹೇಬರು ಮನೆಯವರನ್ನೆಲ್ಲ ಕೋರ್ಟಿನ ಸಲಹೆಗಾರ್ತಿಯ ಬಳಿ ಕಳಿಸಿದ್ದರು.

ಸಲಹೆಗಾರ್ತಿ ಸುದೇಷ್ಣಾ ಮೇಡಂ ತಂದೆ ತಾಯಿಯನ್ನು ಹೊರಗೆ ಕೂರಿಸಿ, ಅಜ್ಜಿ ಮೊಮ್ಮಗಳನ್ನಷ್ಟೇ ಒಳಗೆ ಕರೆದರು. ಅವರಿಗೆ ಕನ್ನಡ ಬಾರದು, ಚನ್ನಮ್ಮನಿಗೆ ಹಿಂದಿಯೂ ಇಂಗ್ಲಿಷೂ ಬಾರವು. ಕನ್ನಡ ಬಲ್ಲ ದುಭಾಷಿ ಎಲ್ಲೂ ಸಿಕ್ಕಿರಲಿಲ್ಲ. "ಹಾಗಾದರೆ ನೀನೇ ಅಜ್ಜಿಯ ಮಾತನ್ನು ಬಂಗಾಳಿಯಲ್ಲಿ ಹೇಳಮ್ಮ," ಎಂದರು ಶ್ರಾವ್ಯಾಗೆ.

ಚನ್ನಮ್ಮನಿಗೆ ಬಂಗಾಳಿ ತಿಳಿಯುತ್ತದೆಂಬುದು ಯಾರಿಗೂ ಗೊತ್ತಿರಲಿಲ್ಲ. ತರಕಾರಿ ಸಂತೆಯಲ್ಲಿ ಚೌಕಾಶಿ ಮಾಡುತ್ತ, ಮಧ್ಯಾಹ್ನದ ಧಾರಾವಾಹಿ ನೋಡುತ್ತ ಅವಳು ಅದನ್ನು ಕಲಿತು ಗುಟ್ಟಾಗಿಟ್ಟುಕೊಂಡಿದ್ದಳು. ಬಾರದವಳಂತೆ ಕೂತರೆ ದುರ್ಗಾಪೂಜೆಯ ಚಂದಾ ಕೇಳಲು ಬಂದವರು ತಾವಾಗಿ ಹೊರಟುಹೋಗುತ್ತಿದ್ದರು, ಮೆಟ್ಟಿಲ ಮೇಲಿನ ಹೆಂಗಸರು ಅವಳೆದುರಿಗೇ ಎಲ್ಲರ ಮನೆಯ ಸುದ್ದಿ ಬಿಚ್ಚುತ್ತಿದ್ದರು. ಅಂಥ ಸುಖವನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಚನ್ನಮ್ಮ ಮಗ ಹೇಳಿಕೊಟ್ಟದ್ದನ್ನೇ ಒಪ್ಪಿಸಿದಳು. "ಸೊಸಿ ಹೊತ್ತು ಮುಳುಗಿದ ಮ್ಯಾಲ ಬರ್ತಾಳ. ಹುಡುಗಿ ನಮ್ಮ ಕಡೇನ ಇರಬೇಕು."

ಶ್ರಾವ್ಯಾ ಗಂಟಲು ಸರಿಮಾಡಿಕೊಂಡು ಬಂಗಾಳಿಯಲ್ಲಿ ಹೇಳಿದಳು: "ಅಮ್ಮ ಎಷ್ಟೇ ತಡವಾದರೂ ನನ್ನ ಊಟ ಆಯಿತಾ ಅಂತ ಕೇಳದೆ ತಾನು ಊಟ ಮಾಡುವುದಿಲ್ಲ ಅಂತಾರೆ ಅಜ್ಜಿ. ಸ್ಕೂಲಿನ ದಿನ ಸಾಲ್ಟ್ ಲೇಕ್‌ನಲ್ಲಿ ಅಮ್ಮನ ಹತ್ತಿರ, ಶನಿವಾರ ಭಾನುವಾರ ಬೆಹಾಲಾದಲ್ಲಿ ಅಪ್ಪನ ಹತ್ತಿರ ಇದ್ದರೆ ಚೆಂದ ಅಂತಾರೆ."

ಚನ್ನಮ್ಮನಿಗೆ ಮೊಮ್ಮಗಳ ಕಿವಿ ಹಿಂಡಿಬಿಡೋಣ ಅನ್ನಿಸಿತು. ಮರುಕ್ಷಣ ಆ ಪುಟ್ಟ ಮುಖದ ಗಾಂಭೀರ್ಯ ಕಂಡು ನಗು ಉಕ್ಕಿ ಬಂತು. ಇವಳು ಎಲ್ಲಿಯವರೆಗೆ ಹೋಗುತ್ತಾಳೋ ನೋಡಿಯೇ ಬಿಡೋಣವೆಂದು, ಗಂಭೀರವಾಗಿ ತಲೆಯಾಡಿಸುತ್ತ, "ಈ ಸಲ ಬದನಿಕಾಯಿ ಭಾಳ ತುಟ್ಟಿ ಆಗ್ಯಾವ," ಅಂದಳು.

ಶ್ರಾವ್ಯಾ ಒಮ್ಮೆ ಅಜ್ಜಿಯ ಮುಖ ನೋಡಿದಳು. "ಪೂಜೆ ರಜೆ ಇಬ್ಬರಿಗೂ ಅರ್ಧರ್ಧ ಅಂತಾರೆ. ಜಗಳ ಆಡಿದರೆ ಮಾತ್ರ ಪೂರ್ತಿ ರಜೆ ಅಜ್ಜಿ ಜೊತೆಗಂತೆ."

"ಇಷ್ಟು ಚಿಕ್ಕ ಮಾತಿಗೆ ಅಷ್ಟು ಅರ್ಥವೇ?" ಎಂದರು ಮೇಡಂ.

"ಕನ್ನಡ ಹಾಗೇ," ಅಂದಳು ಶ್ರಾವ್ಯಾ.

ಮೇಡಂ ಪೆನ್ನು ಕೆಳಗಿಟ್ಟು, ಹುಡುಗಿಯ ತಂದೆ ಎಂಥವರು ಎಂದು ಕೇಳಿದರು. ಹುಡುಗಿ ಅದನ್ನು ಕನ್ನಡಕ್ಕೆ ತಂದು ಮುಗಿಸುವವರೆಗೂ ಚನ್ನಮ್ಮ ಕಾದಳು. ಈಗ ಅವಳಿಗೆ ಹಾಸ್ಯ ಬೇಡವಾಗಿತ್ತು. "ನನ್ನ ಮಗಾ ಸಿಟ್ಟಿನಾಂವ. ಆದ್ರ ಹುಡುಗೀ ತಲಿ ಬಾಚಿ ಜಡಿ ಹಾಕಾಂವ ಅವನಽ. ಪ್ರತೀಕ್ಷಾ ಹುಡುಗೀನ ಕರಕೊಂಡು ಹೋದ ಮ್ಯಾಲ ಆ ಹಣಿಗಿ ಹಿಡಕೊಂಡು ಸುಮ್ಮ ಕೂತಿರ್ತಾನ."

ಈ ಸಲ ಶ್ರಾವ್ಯಾ ಒಂದಕ್ಷರವನ್ನೂ ಬದಲಿಸಲಿಲ್ಲ. ಕೊನೆಗೆ ಅವಳ ದನಿ ಸಣ್ಣಗಾಯಿತು. ಮೇಡಂ ನೀರಿನ ಲೋಟ ಸರಿಸಿಕೊಟ್ಟರು.

"ಅಜ್ಜಿಯವರು ಇನ್ನೇನಾದರೂ ಹೇಳಬೇಕೇ?"

ಎಲ್ಲರನ್ನೂ ಹಂಚಿದ ಮೊಮ್ಮಗಳು ಅಜ್ಜಿಯನ್ನು ಮಾತ್ರ ಬೆಹಾಲಾದಲ್ಲೇ ಬಿಟ್ಟಿದ್ದಳು. ಚನ್ನಮ್ಮ ಸೆರಗು ಸರಿಮಾಡಿಕೊಂಡು ಸ್ಪಷ್ಟವಾಗಿ ಅಂದಳು: "ಬುಧಬಾರೇ ಆಮಿ ಬೌಮಾರ್ ಬಾಡಿ ಜಾಬೋ." ಬುಧವಾರ ನಾನು ಸೊಸೆಯ ಮನೆಗೆ ಹೋಗುತ್ತೇನೆ.

ಶ್ರಾವ್ಯಾಳ ಬಾಯಿ ತೆರೆದದ್ದು ತೆರೆದೇ ಇತ್ತು. ಮೇಡಂ ಅಜ್ಜಿಯನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಅವರ ಭುಜ ಕುಲುಕುತ್ತಿತ್ತು.

ಹೊರಗೆ ಅರುಣ ಓಡಿ ಬಂದ. "ಹೇಳಿದಿಲ್ಲೋ ಅವ್ವಾ?"

"ನೀ ಕಲಿಸಿದಷ್ಟೂ ಹೇಳೇನಪಾ. ನಿನ್ನ ಮಗಳು ಅದನ್ನೇನ ಮಾಡಿದ್ಲೋ ಶಿವನಽ ಬಲ್ಲ."

ಕೆಲವು ದಿನಗಳ ಮೇಲೆ ಜಡ್ಜು ಸಾಹೇಬರು ಶ್ರಾವ್ಯಾಳನ್ನು ತಮ್ಮ ಕೋಣೆಗೆ ಕರೆಸಿ, ಬೇರೆ ಯಾರನ್ನೂ ಒಳಗೆ ಬಿಡದೆ, ಅವಳ ಮನಸ್ಸನ್ನು ಅವಳಿಂದಲೇ ಕೇಳಿದರು. ಅವಳು ಅದೇ ಏರ್ಪಾಡನ್ನು ತನ್ನದೇ ಮಾತಿನಲ್ಲಿ ಹೇಳಿದಳು. ಅರುಣ ಎರಡು ದಿನ ಮುನಿಸಿಕೊಂಡಿದ್ದು, ಕಡೆಗೆ ಒಪ್ಪಿದ. ಪ್ರತೀಕ್ಷಾಳೂ ಒಪ್ಪಿದಳು. ಬುಧವಾರ ಸೊಸೆಯ ಮನೆಗೆ ಹೋಗುವುದಾಗಿ ಅಜ್ಜಿ ತಾವೇ ಬಂಗಾಳಿಯಲ್ಲಿ ಹೇಳಿದ್ದರ ಪ್ರಸ್ತಾಪ ಆದೇಶದಲ್ಲಿ ಕಂಡು ಅರುಣ ಕೇಳಿದ, "ಅವ್ವಾ, ನಿನಗ ಬಂಗಾಳಿ ಯಾವಾಗಿಂದ ಬರ್ತದ?"

"ಅದೊಂದಽ ಮಾತು ಬರ್ತದ," ಅಂದಳು ಚನ್ನಮ್ಮ.

ಮೊದಲ ಬುಧವಾರ ಸಾಲ್ಟ್ ಲೇಕ್‌ನ ಫ್ಲ್ಯಾಟಿನ ಬಾಗಿಲು ತೆಗೆದ ಪ್ರತೀಕ್ಷಾ ಹೊಸ್ತಿಲಲ್ಲೇ ತಡವರಿಸಿದಳು. "ಇನ್ನ ಮುಂದ ನಿಮಗ ಏನಂತ ಕರೀಲಿ?"

"ನೀ ಬಿಟ್ಟದ್ದು ಗಂಡನ್ನ. ಆ ಕಾಗದದ ಮ್ಯಾಲ ನಾ ಎಲ್ಲಿ ಸಹಿ ಹಾಕೇನಿ?"

ಪ್ರತೀಕ್ಷಾ ಪಕ್ಕಕ್ಕೆ ಸರಿದು, "ಬರ್ರಿ ಅತ್ತಿ," ಅಂದಳು. ಚನ್ನಮ್ಮ ಚಪ್ಪಲಿ ಬಿಟ್ಟು ನೆಟ್ಟಗೆ ಅಡುಗೆಮನೆಗೆ ನಡೆದು, ಜೋಳದ ಹಿಟ್ಟಿನ ಡಬ್ಬಿ ಎಲ್ಲಿದೆ ಎಂದು ಕೇಳಿದಳು.