ಸ್ವಿಚ್ಚಿಗೆ ಗಂಧ ಹಚ್ಚಿದ್ದು

ಕೋತಿ ತಾನು ಕೆಟ್ಟದ್ದಲ್ಲದೆ ಕಂಪ್ಯೂಟರಿನ ನೆಟ್ಟನ್ನೂ ಕೆಡಿಸಿತಂತೆ. ಗಾದೆ ಕೆಡಿಸಿದವನೂ ನಾನೇ, ಕೋತಿಯೂ ನಾನೇ. ಕಥೆ ಮಾತ್ರ ಅಪ್ಪಟ ಸತ್ಯ.

ಗುರುವಾಯನಕೆರೆಯ ಒಂದು ಸಹಕಾರ ಸಂಘದಲ್ಲಿ, ಕಂಪ್ಯೂಟರುಗಳ ವಯರೆಲ್ಲ ಬಂದು ಸೇರುವ ಸ್ವಿಚ್ಚನ್ನು ನೋಡಿಕೊಳ್ಳುವವನು ಮೂಡುಬಿದಿರೆಯ ಈ ಜಿತೇಶ. ಅದರ ಒಂದೊಂದು ತೂತಿಗೂ ಒಂದೊಂದೇ ಕಂಪ್ಯೂಟರನ್ನು ಗಂಟು ಹಾಕಿದ್ದೆ. ಬೇರೆಯದು ಬಂದು ಚುಚ್ಚಿಕೊಂಡರೆ ಆ ತೂತು ಬಾಯಿ ಮುಚ್ಚುತ್ತದೆ. ನಾನು ಬಿಡಿಸುವವರೆಗೆ ತೆರೆಯುವುದಿಲ್ಲ. ಮ್ಯಾನೇಜರ್ ತಿರುಮಲೇಶ್ವರ ಭಟ್ಟರಿಗೆ ಇದು ಬಹಳ ಹಿಡಿಸಿತ್ತು.

"ದಸರಾ ಕಳೆಯುವವರೆಗೆ ತಕರಾರು ಬಾರದಿದ್ರೆ ಬೆಳ್ತಂಗಡಿ, ಬಂಟ್ವಾಳದ ಶಾಖೆಯ ಕೆಲಸವೂ ನಿನಗೇ ಮಾರಾಯ," ಎಂದಿದ್ದರು.

ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆಲ್ಲ ಹೂ ಬಿತ್ತು, ನನ್ನ ಸ್ವಿಚ್ಚಿಗೆ ಒಂದು ಎಸಳೂ ಇಲ್ಲ. ನನಗೆ ಅವಮಾನವಾಯಿತು. "ಇದು ಆಯುಧ ಅಲ್ವಾ? ಬಿಚ್ಚಿ ಒರಸುವ, ಗಂಧ ಹಚ್ಚುವ," ಎಂದೆ. ಕ್ಲಾರ್ಕ್ ಕುಸುಮಕ್ಕ ವಯರೆಲ್ಲ ಕಿತ್ತು, ಧೂಳು ಒರಸಿ, ಸಿಕ್ಕ ಸಿಕ್ಕ ತೂತಿಗೆ ಮತ್ತೆ ಚುಚ್ಚುವಾಗ ನಾನು ಪುರೋಹಿತರ ಮೂಗುಸ್ವರದಲ್ಲಿ ಮಂತ್ರ ಹೇಳಿ ಜನರನ್ನು ನಗಿಸುವುದರಲ್ಲಿದ್ದೆ.

ರಜೆ ಮುಗಿದ ಬೆಳಿಗ್ಗೆ ಕುಸುಮಕ್ಕನ ಫೋನ್. ಒಂದು ಕಂಪ್ಯೂಟರೂ ನಡೆಯುವುದಿಲ್ಲ, ಕೌಂಟರಿನಲ್ಲಿ ಜನ ನಿಂತಿದ್ದಾರೆ. ನನಗೋ ಒಳಗೊಳಗೇ ಖುಷಿ. ಯಾರೋ ಹೊರಗಿನವನು ನುಗ್ಗಲು ನೋಡಿದ್ದಾನೆ, ನನ್ನ ಬೀಗ ಹಿಡಿದು ಹಾಕಿದೆ. ಬಸ್ಸಿನಲ್ಲಿ ಕುಳಿತವನಿಗೆ ನಾಲಿಗೆ ತುರಿಸಿತು. ಕುಸುಮಕ್ಕನನ್ನು ಹೆದರಿಸಲು ಸಂಘಕ್ಕೆ ಫೋನ್ ಮಾಡಿ, ಭಟ್ಟರ ಸ್ವರ ತೆಗೆದೆ.

"ನಾನು ಭಟ್ ಮಾತಾಡುವುದು. ಕಳ್ಳ ಹೊಕ್ಕಿದ್ದಾನೆ. ಪೊಲೀಸರು ಬರುವವರೆಗೆ ಒಬ್ಬರೂ ಕುರ್ಚಿಯಿಂದ ಏಳುವುದು ಬೇಡ."

ಆಚೆಯಿಂದ ಯಾರೋ ಮೆಲ್ಲಗೆ "ಆಯ್ತು" ಎಂದರು.

ಹೋಗಿ ನೋಡಿದರೆ ಎಲ್ಲರೂ ಕಲ್ಲಿನಂತೆ ಕುಳಿತಿದ್ದಾರೆ, ಭಟ್ಟರೂ. ಸ್ವಿಚ್ಚು ನೋಡಿದೆ. ಪ್ರತಿ ತೂತಿನಲ್ಲೂ ಪಕ್ಕದ ಮೇಜಿನ ವಯರು.

"ಭಟ್ರೇ, ಕಳ್ಳ ಯಾರೂ ಇಲ್ಲ. ಪೂಜೆಯ ದಿನ ವಯರು ಅದಲುಬದಲಾದದ್ದು. ನನ್ನ ಬೀಗ ನಮ್ಮವರನ್ನೇ ಹೊರಗೆ ಹಾಕಿದೆ."

"ಬಿಚ್ಚಿ ಒರಸುವ ಎಂದದ್ದು ಯಾರು?" ಕುಸುಮಕ್ಕ ಕೇಳಿದರು.

"ನಾನೇ."

"ಮತ್ತೆ ಪೊಲೀಸರು ಬರ್ತಾರೆಂದು ಫೋನ್ ಮಾಡಿದ್ದು?"

"ಅದೂ ನಾನೇ, ಭಟ್ರ ಸ್ವರದಲ್ಲಿ."

ನನ್ನ ಎರಡು ಶಾಖೆಗಳೂ ಕೈಹಿಡಿದುಕೊಂಡು ಚಾರ್ಮಾಡಿ ಘಾಟಿ ಹತ್ತಿ ಊರು ಬಿಡುವುದು ಕಂಡಿತು. ಭಟ್ಟರು ಕನ್ನಡಕ ತೆಗೆದರು.

"ಫೋನ್ ಎತ್ತಿದ್ದು ನಾನು ಮಾರಾಯ. ಹೆಡ್ಡಾಫೀಸಿನಲ್ಲೊಬ್ಬರು ದೊಡ್ಡ ಭಟ್ಟರಿದ್ದಾರಲ್ಲ, ಅವರೆಂದು ಹೆದರಿ ಮೂತ್ರಕ್ಕೂ ಏಳದೆ ಕೂತಿದ್ದೇನೆ. ನನ್ನ ಸ್ವರ ಅಷ್ಟು ಜಬರ್ದಸ್ತು ಉಂಟಾ?"

"ಉಂಟು ಸರ್," ಎಂದರು ಕುಸುಮಕ್ಕ.

"ಶಾಖೆ ನಿನಗೇ. ನಮ್ಮನ್ನೇ ಬಿಡದ ಬೀಗ ಕಳ್ಳನನ್ನು ಬಿಡುವುದುಂಟಾ? ಪೂಜೆಯ ದಿನ ಮಾತ್ರ ನೀನು ಈ ಕಡೆ ತಲೆ ಹಾಕಬೇಡ," ಎನ್ನುತ್ತ ಮೂತ್ರಕ್ಕೆಂದು ಎದ್ದವರು ಬಾಗಿಲ ತನಕವೂ ಹೋಗಲಾಗದೆ, ಗೋಡೆ ಹಿಡಿದುಕೊಂಡು, ಕೌಂಟರಿನ ಜನರ ನಗುವೆಲ್ಲ ಮುಳುಗುವಷ್ಟು ಜೋರಾಗಿ ನಕ್ಕರು.